ಎರಡು ಅಂಗುಲದ ಸಿಲಿಂಡರು

ಬೋಧನಾಭ್ಯಾಸದಲ್ಲಿ ನನ್ನ ಹನ್ನೊಂದನೆಯ ಪಾಠ ಒಂಬತ್ತನೇ ತರಗತಿಗೆ ಗುಪ್ತೋಷ್ಣದ ಮೇಲಿತ್ತು. ಪೀಠಿಕೆಗೆಂದು ಒಂದು ಪುಟ್ಟ ಉಗಿಯಂತ್ರ ತೆಗೆದುಕೊಂಡು ಹೋಗಿದ್ದೆ. ಅಂಗಡಿಯಲ್ಲಿ ಕೊಂಡದ್ದಲ್ಲ, ಕೈಯಾರೆ ಮಾಡಿದ್ದು. ಹರಿಹರದಲ್ಲಿ ನನ್ನ ಸೋದರಮಾವನದೊಂದು ಸಣ್ಣ ಲೇಥ್ ಅಂಗಡಿ ಇದೆ. ಎರಡು ಭಾನುವಾರ ಅಲ್ಲಿ ನಿಂತು ಹಿತ್ತಾಳೆ ಸರಳಿನಲ್ಲಿ 12 ಮಿಲಿಮೀಟರ್ ಒಳವ್ಯಾಸದ ಸಿಲಿಂಡರು ಕೊರೆದೆ, ಅದಕ್ಕೊಂದು ಪಿಸ್ಟನ್ ತಿರುವಿದೆ, ಉಗಿ ಒಳಗೆ ಬಂದು ಹೊರಗೆ ಹೋಗಲು ಬೆಂಕಿಕಡ್ಡಿ ತೂರುವಷ್ಟು ತೂತು ಹಾಕಿದೆ. ಮೊದಲ ಪಿಸ್ಟನ್‌ನಿಂದ ಒಂದು ಸಲ ಹೆಚ್ಚಿಗೆ ತೂಲು ತೆಗೆದುಬಿಟ್ಟೆ, ಅದು ಕೆಟ್ಟಿತು. ಎರಡನೆಯದನ್ನು ಬಿಸಿ ಇರುವಾಗಲೇ ಅಳೆದೆ. ತಣ್ಣಗಾದ ಮೇಲೆ ಅದು ಸಡಿಲವಾಯಿತು. ಭೌತಶಾಸ್ತ್ರ ಓದಿದವನು ಮಾಡಬಾರದ ತಪ್ಪು ಎಂದು ಮಾವ ನಕ್ಕರು. ಮೂರನೆಯದು ಸರಿಯಾಗಿ ಕೂತಿತು. ಕಂಪ್ರೆಸರಿನ ಗಾಳಿ ಬಿಟ್ಟರೆ ಚಕ್ರ ಗುಂಯ್ ಎಂದು ತಿರುಗಿತು. ಗಾಳಿಗೆ ತಿರುಗಿದ್ದು ಉಗಿಗೂ ತಿರುಗುತ್ತದೋ ಇಲ್ಲವೋ ಒಮ್ಮೆ ನೋಡಿಕೋ ಎಂದು ಮಾವ ಹೇಳಿದ್ದರು. ಪಾಠ ಯೋಜನೆ ಬರೆಯುವ ಗಡಿಬಿಡಿಯಲ್ಲಿ ನಾನು ನೋಡಿಕೊಳ್ಳಲಿಲ್ಲ.

ತರಗತಿಯಲ್ಲಿ ಸ್ಪಿರಿಟ್ ದೀಪ ಹಚ್ಚಿ ಬಾಯ್ಲರ್ ಕುದಿಸಿದೆ. ಚಕ್ರ ಇಪ್ಪತ್ತು ಸುತ್ತು ತಿರುಗಿ ನಿಂತಿತು. ಬೆರಳಿನಿಂದ ತಳ್ಳಿದೆ, ನಾಲ್ಕು ಸುತ್ತು ತಿರುಗಿ ಒಂದೆರಡು ಹನಿ ನೀರು ಉಗುಳಿ ಮತ್ತೆ ನಿಂತಿತು. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, ಯಾಕೆ ನಿಂತಿತು ಸಾರ್ ಎಂದು ಕೇಳಿದಳು. ಸ್ಪಿರಿಟ್ ಮುಗಿದಿದೆ ಎಂದೆ. ದೀಪ ನೀಲಿಯಾಗಿ ಉರಿಯುತ್ತಲೇ ಇತ್ತು. ಅವಳು ದೀಪ ನೋಡಿದಳು, ನನ್ನ ಮುಖ ನೋಡಿದಳು, ಕೂತಳು. ನಾನು ಕೆಟಲಿನ ಮುಚ್ಚಳ ಕುಣಿಯುವುದನ್ನು ನೋಡಿ ಜೇಮ್ಸ್ ವಾಟ್ ಉಗಿಯಂತ್ರ ಕಂಡುಹಿಡಿದ ಕಥೆ ಹೇಳಿ ಪಾಠ ಮುಂದುವರಿಸಿದೆ. ಪಾಠೋಪಕರಣವನ್ನು ಮುಂಚೆ ಪರೀಕ್ಷಿಸಿಲ್ಲ ಎಂದು ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು. ಸುಳ್ಳಿನ ಬಗ್ಗೆ ಏನೂ ಬರೆಯಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವರಿಗೆ ದೀಪ ಕಂಡಿರಲಿಕ್ಕಿಲ್ಲ.

ಆ ವಾರ ವಾಟ್‌ನ ಜೀವನ ಓದಲು ಕೂತದ್ದು ದಾಖಲೆ ಪುಸ್ತಕದಲ್ಲಿ ವಿಜ್ಞಾನಿಯ ಪರಿಚಯ ಎಂಬ ಎರಡು ಪುಟ ತುಂಬಿಸಲು. ಓದಿದ ಮೇಲೆ ತಿಳಿದದ್ದು ಎರಡು ಸಂಗತಿ. ನಾನು ಆ ದಿನ ಹೇಳಿದ ಎರಡನೆಯ ಸುಳ್ಳು ಆ ಕೆಟಲಿನ ಕಥೆ. ಮತ್ತು ವಾಟ್‌ನ ಇಡೀ ಬದುಕು ತಿರುವು ಪಡೆದದ್ದು ತರಗತಿಯಲ್ಲಿ ನಿಂತುಹೋದ ಒಂದು ಪುಟ್ಟ ಮಾದರಿ ಯಂತ್ರದಿಂದ.

ಕೆಟಲಿನ ವಿಷಯ ಮೊದಲು ಮುಗಿಸುತ್ತೇನೆ. ಆ ಕಥೆ ವಾಟ್ ಪ್ರಸಿದ್ಧನಾದ ಎಷ್ಟೋ ವರ್ಷಗಳ ನಂತರ ಬಂಧುಗಳ ನೆನಪಿನಿಂದ ಬರಹಕ್ಕೆ ಬಂದದ್ದು. ಹುಡುಗ ಕೆಟಲಿನ ಮುಂದೆ ಕೂತಿದ್ದಿರಬಹುದು, ಯಾವ ಹುಡುಗ ಕೂತಿಲ್ಲ? ಆದರೆ ಉಗಿಯಂತ್ರ ಅವನು ಹುಟ್ಟುವ ಮೊದಲೇ ಇತ್ತು. ಥಾಮಸ್ ನ್ಯೂಕಾಮೆನ್ 1712ರಲ್ಲೇ ಇಂಗ್ಲೆಂಡಿನ ಕಲ್ಲಿದ್ದಲು ಗಣಿಯಿಂದ ನೀರೆತ್ತುವ ಯಂತ್ರ ನಿಲ್ಲಿಸಿದ್ದ. ಅದರ ಕ್ರಮ ಸರಳ. ಸಿಲಿಂಡರಿಗೆ ಉಗಿ ತುಂಬು, ಅದೇ ಸಿಲಿಂಡರಿನೊಳಕ್ಕೆ ತಣ್ಣೀರು ಚಿಮ್ಮಿಸು, ಉಗಿ ನೀರಾಗಿ ಒಳಗೆ ನಿರ್ವಾತ ಉಂಟಾಗುತ್ತದೆ, ಮೇಲಿನ ವಾಯುಭಾರ ಪಿಸ್ಟನ್ನನ್ನು ಕೆಳಕ್ಕೆ ಒತ್ತುತ್ತದೆ. ಅಂದರೆ ದುಡಿಯುವುದು ಗಾಳಿ, ಉಗಿಯ ಕೆಲಸ ಜಾಗ ಬಿಟ್ಟುಕೊಡುವುದಷ್ಟೆ.

ಜೇಮ್ಸ್ ವಾಟ್ ಹುಟ್ಟಿದ್ದು 1736ರ ಜನವರಿ 19ರಂದು, ಸ್ಕಾಟ್ಲೆಂಡಿನ ಗ್ರೀನಕ್ ಎಂಬ ಬಂದರು ಊರಿನಲ್ಲಿ. ಅಜ್ಜ ಥಾಮಸ್ ವಾಟ್ ಗಣಿತ ಮತ್ತು ನೌಕಾಯಾನ ಕಲಿಸುತ್ತಿದ್ದ ಮೇಷ್ಟರು. ತಂದೆ ಹಡಗಿನ ಬಡಗಿ, ಸ್ವಂತ ಹಡಗಿನ ಪಾಲು ಇದ್ದವನು, ಊರಿನ ಹಿರಿಯರಲ್ಲೊಬ್ಬ. ತಾಯಿ ಆಗ್ನೆಸ್ ಹಲವು ಎಳೆಗೂಸುಗಳನ್ನು ಕಳೆದುಕೊಂಡಿದ್ದವಳು. ಈ ಮಗನೂ ಬಡಕಲು, ಮೇಲಿಂದ ಮೇಲೆ ತಲೆನೋವು. ಹಾಗಾಗಿ ಶಾಲೆಗೆ ಕಳಿಸದೆ ಮನೆಯಲ್ಲೇ ಓದು ಕಲಿಸಿದಳು. ಮುಂದೆ ಶಾಲೆಗೆ ಹೋದಾಗ ಲ್ಯಾಟಿನ್ ಹತ್ತಲಿಲ್ಲ, ಗಣಿತ ಹತ್ತಿತು. ಅವನ ನಿಜವಾದ ಶಾಲೆ ತಂದೆಯ ಕಾರ್ಯಾಗಾರ. ಅಲ್ಲಿ ಅವನಿಗೇ ಒಂದು ಪುಟ್ಟ ಮೇಜು, ಸಣ್ಣ ಉಳಿ, ಅರ, ಒಂದು ಕುಲುಮೆ ಕೊಟ್ಟಿದ್ದರು. ಹಡಗಿನ ದಿಕ್ಸೂಚಿ, ಕ್ವಾಡ್ರಂಟ್ ಮುಂತಾದವು ದುರಸ್ತಿಗೆ ಬಂದರೆ ಬಿಚ್ಚಿ ನೋಡುತ್ತಿದ್ದ. ಭಾರ ಎತ್ತುವ ಕ್ರೇನಿನ ಮಾದರಿಗಳನ್ನು ಮಾಡುತ್ತಿದ್ದ.

1753ರಲ್ಲಿ ತಾಯಿ ತೀರಿಕೊಂಡಳು. ತಂದೆಯ ವ್ಯಾಪಾರವೂ ಕುಗ್ಗಿತು. ಉಪಕರಣ ತಯಾರಿಕೆ ಕಲಿಯಲು ಹುಡುಗ ಮೊದಲು ಗ್ಲಾಸ್ಗೋಗೆ, ಅಲ್ಲಿ ಕಲಿಸುವವರು ಸಿಗದೆ 1755ರಲ್ಲಿ ಕುದುರೆಯ ಮೇಲೆ ಲಂಡನ್ನಿಗೆ ಹೋದ. ಲಂಡನ್ನಿನ ವೃತ್ತಿಸಂಘದ ನಿಯಮದಂತೆ ಏಳು ವರ್ಷ ಗುರುವಿನ ಅಂಗಡಿಯಲ್ಲಿ ದುಡಿದು ಕಲಿಯಬೇಕು. ಇವನಿಗಾಗಲೇ ಹತ್ತೊಂಬತ್ತು. ಕೊನೆಗೆ ಜಾನ್ ಮಾರ್ಗನ್ ಎಂಬ ಕುಶಲಿ 20 ಗಿನಿ ಹಣ ಮತ್ತು ಒಂದು ವರ್ಷದ ದುಡಿಮೆಗೆ ಒಪ್ಪಿಕೊಂಡು ನಿಯಮದ ಹೊರಗೆ ಸೇರಿಸಿಕೊಂಡ. ಬೀದಿಗಿಳಿದರೆ ನೌಕಾಪಡೆಗೆ ಬಲವಂತವಾಗಿ ಹಿಡಿದೊಯ್ಯುವವರ ಭಯ. ಹಾಗಾಗಿ ಹುಡುಗ ಅಂಗಡಿ ಬಿಟ್ಟು ಹೊರಗೆ ಹೋಗುತ್ತಲೇ ಇರಲಿಲ್ಲ. ಹಿತ್ತಾಳೆಯ ಅಳತೆಪಟ್ಟಿ, ಕ್ವಾಡ್ರಂಟ್, ದಿಕ್ಸೂಚಿ ಎಲ್ಲವನ್ನೂ ಒಂದೇ ವರ್ಷದಲ್ಲಿ ಕಲಿತ. ಆರೋಗ್ಯ ಮಾತ್ರ ಕೆಟ್ಟಿತು. 1756ರಲ್ಲಿ ಊರಿಗೆ ಮರಳಿದ.

ಏಳು ವರ್ಷದ ಪಾಠಕ್ರಮವನ್ನು ಒಂದೇ ವರ್ಷದಲ್ಲಿ ಮುಗಿಸಿದ ಇವನಿಗೆ ಪ್ರಮಾಣಪತ್ರ ಇರಲಿಲ್ಲ. ನಮ್ಮ ಓದುಗರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಅವನಿಗೆ ಬಾಗಿಲು ತೆರೆದದ್ದು ಗ್ಲಾಸ್ಗೋ ವಿಶ್ವವಿದ್ಯಾಲಯ. ಜಮೈಕಾದಲ್ಲಿದ್ದ ಅಲೆಗ್ಸಾಂಡರ್ ಮ್ಯಾಕ್‌ಫರ್ಲೇನ್ ಎಂಬ ವ್ಯಾಪಾರಿ ತನ್ನ ಖಗೋಳ ಉಪಕರಣಗಳನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋಗಿದ್ದ. ಅವನ ಸಿರಿತನ ನಿಂತದ್ದು ಗುಲಾಮರ ದುಡಿಮೆಯ ಮೇಲೆ. ಅದನ್ನು ಹೇಳದೆ ದಾಟಿದರೆ ಕೆಟಲಿನ ಕಥೆಯಂಥದೇ ಇನ್ನೊಂದು ಪಾಠ ಮಾಡಿದಂತಾಗುತ್ತದೆ. ಆ ಉಪಕರಣಗಳು ಸಮುದ್ರದ ಪ್ರಯಾಣದಲ್ಲಿ ಹಾಳಾಗಿದ್ದವು. ವಾಟ್ ಅವನ್ನು ತೊಳೆದು, ಉಜ್ಜಿ, ಸರಿಪಡಿಸಿಕೊಟ್ಟ. ಮರುವರ್ಷ ಕಾಲೇಜಿನ ಆವರಣದಲ್ಲೇ ಒಂದು ಕಾರ್ಯಾಗಾರದ ಕೋಣೆ ಸಿಕ್ಕಿತು, ವಿಶ್ವವಿದ್ಯಾಲಯದ ಉಪಕರಣಗಾರ ಎಂಬ ಹೆಸರು ಸಿಕ್ಕಿತು.

ಆ ಕೋಣೆ ಹೇಗಿದ್ದಿರಬೇಕೆಂದು ನಾನು ಬಹಳ ಯೋಚಿಸಿದ್ದೇನೆ. ಕಾಲಲ್ಲಿ ತುಳಿದು ತಿರುಗಿಸುವ ಲೇಥ್, ಕೈಯಲ್ಲಿ ಹಿಡಿದ ಉಳಿ. ನಮ್ಮ ಮಾವನ ಲೇಥಿನಲ್ಲಿ ಕೈಚಕ್ರದ ಗೆರೆ ನೋಡಿ ಮಿಲಿಮೀಟರಿನ ನೂರರ ಲೆಕ್ಕದಲ್ಲಿ ತೂಲು ತೆಗೆಯಬಹುದು, ವಾಟ್‌ಗೆ ಇದ್ದ ಅಳತೆ ಬೆರಳಿನದು ಮತ್ತು ಕಣ್ಣಿನದು. ಮಾಪಕಗಳ ಜೊತೆಗೆ ಕೊಳಲು, ಆರ್ಗನ್ ಮಾಡಿ ಕೊಡುತ್ತಿದ್ದ, ಸಂಗೀತದ ಶ್ರುತಿ ಅವನ ಕಿವಿಗೆ ಹಿಡಿಯುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಮೇಷ್ಟರುಗಳೂ ವಿದ್ಯಾರ್ಥಿಗಳೂ ಅಲ್ಲಿಗೆ ಬಂದು ಹರಟುತ್ತಿದ್ದರು. ರಸಾಯನಶಾಸ್ತ್ರದ ಜೋಸೆಫ್ ಬ್ಲ್ಯಾಕ್ ಬರುತ್ತಿದ್ದ. ಜಾನ್ ರಾಬಿಸನ್ ಎಂಬ ವಿದ್ಯಾರ್ಥಿ ಉಗಿಯಿಂದ ಗಾಡಿ ಓಡಿಸಬಹುದಲ್ಲ ಎಂದು ಮೊದಲ ಬಾರಿಗೆ ಉಗಿಯ ಹುಳ ಬಿಟ್ಟ. ಭೌತಶಾಸ್ತ್ರದ ಪ್ರಾಧ್ಯಾಪಕ ಜಾನ್ ಆಂಡರ್ಸನ್ ಬರುತ್ತಿದ್ದ. ಈ ಆಂಡರ್ಸನ್ ನಮ್ಮ ಪತ್ರಿಕೆಯಲ್ಲಿ ಒಂದು ಪ್ರತ್ಯೇಕ ಲೇಖನಕ್ಕೆ ಅರ್ಹ. ಊರಿನ ಕುಶಲಕರ್ಮಿಗಳನ್ನು ತನ್ನ ತರಗತಿಗೆ ಕರೆದು ಪ್ರಯೋಗ ತೋರಿಸಿ ಪಾಠ ಮಾಡುತ್ತಿದ್ದವನು ಅವನು. ಪ್ರಾತ್ಯಕ್ಷಿಕೆ ಇಲ್ಲದೆ ಪಾಠವಿಲ್ಲ.

ಅವನ ಪಾಠೋಪಕರಣಗಳಲ್ಲಿ ಒಂದು ನ್ಯೂಕಾಮೆನ್ ಯಂತ್ರದ ಮಾದರಿ. ಸಿಲಿಂಡರಿನ ವ್ಯಾಸ 2 ಅಂಗುಲ, ಪಿಸ್ಟನ್ನಿನ ಓಟ 6 ಅಂಗುಲ. ಅದು ಸರಿಯಾಗಿ ಓಡುತ್ತಿರಲಿಲ್ಲ. ಲಂಡನ್ನಿನ ಹೆಸರಾಂತ ಉಪಕರಣಗಾರನೊಬ್ಬನಿಗೆ ದುರಸ್ತಿಗೆ ಕಳಿಸಿ ತರಿಸಿಕೊಂಡಿದ್ದರು. 1763ರ ಚಳಿಗಾಲದಲ್ಲಿ ಅದು ವಾಟ್‌ನ ಮೇಜಿಗೆ ಬಂತು.

ಅವನು ಅದನ್ನು ಸರಿಮಾಡಿದ. ಉಗಿ ಬಿಟ್ಟ. ನಾಲ್ಕಾರು ಬಾರಿ ಪಿಸ್ಟನ್ ಆಡಿ ನಿಂತುಹೋಯಿತು. ಬಾಯ್ಲರ್ ನೋಡಲು ಸಾಕಷ್ಟು ದೊಡ್ಡದೇ ಇತ್ತು, ಆದರೂ ಉಗಿ ಸಾಲಲಿಲ್ಲ. ಇಲ್ಲಿಗೆ ಬಂದಾಗ ನಾನು ಪುಸ್ತಕ ಮಡಿಸಿ ಎದ್ದು ಒಂದು ಸುತ್ತು ಓಡಾಡಿ ಬಂದೆ. ವಾಟ್‌ಗೆ ಒಪ್ಪಿಸಿದ್ದು ದುರಸ್ತಿಯ ಕೆಲಸ. ಮಾದರಿಯೆಂದರೆ ಹೀಗೇ, ಬೆಂಕಿ ಜಾಸ್ತಿ ಹಾಕಿ ನೋಡಿ ಎಂದು ಹೇಳಿ ಹಣ ಎಣಿಸಿಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಗಣಿಗಳಲ್ಲಿ ದೊಡ್ಡ ಯಂತ್ರಗಳು ಐವತ್ತು ವರ್ಷದಿಂದ ದಿನವಿಡೀ ಓಡುತ್ತಿದ್ದವು. ಅದೇ ಆಕಾರದ ಚಿಕ್ಕದು ಯಾಕೆ ನಿಲ್ಲುತ್ತದೆ ಎಂಬುದನ್ನು ಅವನು ಪ್ರಶ್ನೆಯಾಗಿ ಇಟ್ಟುಕೊಂಡ.

ಲೆಕ್ಕ ನಮ್ಮ ಹತ್ತನೇ ತರಗತಿಯ ಮಕ್ಕಳೂ ಮಾಡಬಹುದಾದದ್ದು. ಸಿಲಿಂಡರಿನ ಸುತ್ತುಗೋಡೆಯ ವಿಸ್ತೀರ್ಣವನ್ನು ಅದರ ಘನಫಲದಿಂದ ಭಾಗಿಸಿದರೆ ನಾಲ್ಕನ್ನು ವ್ಯಾಸದಿಂದ ಭಾಗಿಸಿದಷ್ಟು ಬರುತ್ತದೆ. ವ್ಯಾಸ 2 ಅಂಗುಲವಾದರೆ ಉತ್ತರ 2. ಗಣಿಯ ಯಂತ್ರದ ಸಿಲಿಂಡರು 40 ಅಂಗುಲದ್ದು ಎಂದುಕೊಳ್ಳಿ, ಉತ್ತರ 0.1. ಅಂದರೆ ಮಾದರಿಯಲ್ಲಿ ಪ್ರತಿ ಘನ ಅಂಗುಲ ಉಗಿಗೂ ಇಪ್ಪತ್ತು ಪಟ್ಟು ಹೆಚ್ಚು ಗೋಡೆ ತಾಗುತ್ತದೆ. ಗೋಡೆಯೋ, ಆಗಷ್ಟೇ ತಣ್ಣೀರು ಕುಡಿದದ್ದು. ಸಾಲದ್ದಕ್ಕೆ ಮಾದರಿಯದು ಹಿತ್ತಾಳೆ, ಗಣಿಯದು ಹೆಚ್ಚಾಗಿ ಎರಕದ ಕಬ್ಬಿಣ. ಹಿತ್ತಾಳೆಯಲ್ಲಿ ಶಾಖ ಬೇಗ ಹರಿಯುತ್ತದೆ. ಒಳಗೆ ಬಂದ ಉಗಿಯ ಬಹುಪಾಲು ಪಿಸ್ಟನ್ನನ್ನು ತಲುಪುವ ಮೊದಲೇ ಗೋಡೆ ಬಿಸಿಮಾಡಲು ಖರ್ಚಾಗಿ ನೀರಾಗುತ್ತದೆ. ಚಿಕ್ಕದು ಎಂದರೆ ದೊಡ್ಡದರದೇ ಚಿತ್ರವಲ್ಲ. ನನ್ನ 12 ಮಿಲಿಮೀಟರಿನ ಹಿತ್ತಾಳೆ ಸಿಲಿಂಡರು ಗಾಳಿಗೆ ತಿರುಗಿ ಉಗಿಗೆ ನಿಂತದ್ದೂ ಇದಕ್ಕೇ. ಗಾಳಿ ಗೋಡೆ ತಾಗಿದರೆ ನೀರಾಗುವುದಿಲ್ಲ.

ಆದರೆ ವಾಟ್ ಅಲ್ಲಿಗೇ ನಿಲ್ಲಲಿಲ್ಲ. ಚಿಕ್ಕದರಲ್ಲಿ ಕಣ್ಣಿಗೆ ಹೊಡೆದು ಕಾಣುವ ನಷ್ಟ ದೊಡ್ಡದರಲ್ಲೂ ಇರಲೇಬೇಕು, ಮರೆಯಲ್ಲಿದೆ ಅಷ್ಟೆ ಎಂದು ಅವನಿಗೆ ಹೊಳೆಯಿತು. ಎಣ್ಣೆಯಲ್ಲಿ ನೆನೆಸಿ ಒಣಗಿಸಿದ ಮರದ ಸಿಲಿಂಡರು ಮಾಡಿ ನೋಡಿದ. ಒಂದು ಪಾಲು ನೀರು ಎಷ್ಟು ಪಾಲು ಉಗಿಯಾಗುತ್ತದೆಂದು ಅಳೆದ. ಸುಮಾರು 1800 ಪಟ್ಟು ಎಂದು ಬಂತು. ಈಗಿನ ಲೆಕ್ಕ 1700ಕ್ಕೆ ಹತ್ತಿರ, ಅವನ ಪಾತ್ರೆಗಳಿಗೆ ಇದು ಒಳ್ಳೆಯ ಉತ್ತರ. ನಂತರ ತಣ್ಣೀರಿನೊಳಕ್ಕೆ ಉಗಿ ಬಿಟ್ಟು ನೋಡಿದ. ಉಗಿ ತನ್ನ ತೂಕದ ಆರು ಪಟ್ಟು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತಂದಿತು. ಅವನಿಗೆ ಆಶ್ಚರ್ಯ. ಜೋಸೆಫ್ ಬ್ಲ್ಯಾಕ್‌ನ ಬಳಿ ಹೋಗಿ ಹೇಳಿದ. ಗುಪ್ತೋಷ್ಣವೆಂಬುದನ್ನು ಬ್ಲ್ಯಾಕ್ ಆಗಲೇ ಕಂಡುಕೊಂಡು ತರಗತಿಯಲ್ಲಿ ಪಾಠ ಮಾಡುತ್ತಿದ್ದ. ಅದೇ ಕಾಲೇಜಿನ ಅಂಗಳದಲ್ಲಿ, ಕೆಲವು ಹೆಜ್ಜೆಗಳ ಆಚೆ.

ಈ ಆರು ಪಟ್ಟನ್ನು ನಮ್ಮ ಪಠ್ಯಪುಸ್ತಕದ ಅಂಕಿಯ ಜೊತೆ ಹೋಲಿಸಿ ನೋಡಿದೆ. ಒಂದು ಕಿಲೋಗ್ರಾಂ ಉಗಿ ನೀರಾಗುವಾಗ ಸುಮಾರು 22.6 ಲಕ್ಷ ಜೂಲ್ ಬಿಡುತ್ತದೆ. ಆರು ಕಿಲೋಗ್ರಾಂ ನೀರನ್ನು 10 ಡಿಗ್ರಿಯಿಂದ 100 ಡಿಗ್ರಿಗೆ ತರಲು 4200ನ್ನು 6ರಿಂದಲೂ 90ರಿಂದಲೂ ಗುಣಿಸಬೇಕು, 22.68 ಲಕ್ಷ. ಗುಪ್ತೋಷ್ಣವನ್ನು ಕಲಿಸಲು ನಾನು ಪಾಠ ಯೋಜನೆಯಲ್ಲಿ ವ್ಯಾಖ್ಯೆ ಬರೆದಿದ್ದೆ. ಇದನ್ನು ಬರೆದಿರಲಿಲ್ಲ.

1765ರ ವಸಂತದ ಒಂದು ಭಾನುವಾರ ಗ್ಲಾಸ್ಗೋದ ಹುಲ್ಲುಬಯಲಿನಲ್ಲಿ ಅವನು ಒಬ್ಬನೇ ನಡೆಯುತ್ತಿದ್ದ. ಉಗಿಯನ್ನು ಸಿಲಿಂಡರಿನಲ್ಲೇ ಯಾಕೆ ತಣಿಸಬೇಕು? ಪಕ್ಕದಲ್ಲಿ ಇನ್ನೊಂದು ಪಾತ್ರೆ ಇಟ್ಟು ಅದರಲ್ಲಿ ನಿರ್ವಾತ ಮಾಡಿದರೆ ಉಗಿ ತಾನೇ ಅಲ್ಲಿಗೆ ನುಗ್ಗಿ ನೀರಾಗುತ್ತದೆ. ಸಿಲಿಂಡರು ಸದಾ ಬಿಸಿ, ಸಾಂದ್ರಕ ಸದಾ ತಂಪು. ಭಾನುವಾರ ಕೈಕೆಲಸ ಮಾಡುವಂತಿರಲಿಲ್ಲ. ಕೆಲಸಕ್ಕೆ ಕೂತಾಗ ಅವನ ಕೈಗೆ ಸಿಕ್ಕ ಸಿಲಿಂಡರು ವೈದ್ಯರು ಬಳಸುವ ದೊಡ್ಡ ಹಿತ್ತಾಳೆ ಪಿಚಕಾರಿ. ವ್ಯಾಸ ಒಂದೂಮುಕ್ಕಾಲು ಅಂಗುಲ, ಉದ್ದ 10 ಅಂಗುಲ. ಅದಕ್ಕೆ ತವರದ ತಗಡಿನ ಸಾಂದ್ರಕ ಬೆಸೆದು ಜೋಡಿಸಿದ. ಕೆಲಸ ಮಾಡಿತು. ಆಗ ಅವನ ವಯಸ್ಸು ಇಪ್ಪತ್ತೊಂಬತ್ತು.

ಶಾಲಾ ಪುಸ್ತಕಗಳು ಇಲ್ಲಿ ಒಂದು ವಾಕ್ಯ ಬರೆದು ಕೈಗಾರಿಕಾ ಕ್ರಾಂತಿಗೆ ಹಾರುತ್ತವೆ. ನಿಜವಾಗಿ ಇಲ್ಲಿಂದ ಮುಂದೆ ಹತ್ತು ವರ್ಷ ಏನೂ ಆಗಲಿಲ್ಲ. ಪಿಚಕಾರಿಯ ಅಳತೆಯಲ್ಲಿ ಆದದ್ದು ದೊಡ್ಡದರಲ್ಲಿ ಆಗಲೊಲ್ಲದು. ಮೊದಲು ದೊಡ್ಡದರಲ್ಲಿ ಆದದ್ದು ಚಿಕ್ಕದರಲ್ಲಿ ಆಗಿರಲಿಲ್ಲ, ಈಗ ತಿರುಗುಮುರುಗು. ನ್ಯೂಕಾಮೆನ್ ಯಂತ್ರದಲ್ಲಿ ಪಿಸ್ಟನ್ ಸಡಿಲವಿದ್ದರೂ ಮೇಲೊಂದು ಪದರ ನೀರು ನಿಲ್ಲಿಸಿ ಸೋರಿಕೆ ತಡೆಯುತ್ತಿದ್ದರು. ಸಿಲಿಂಡರು ಬಿಸಿಯಾಗಿಯೇ ಇರಬೇಕೆಂಬ ವಾಟ್‌ನ ಯಂತ್ರದಲ್ಲಿ ನೀರು ನಿಲ್ಲಿಸುವಂತಿಲ್ಲ. ಹಾಗಾಗಿ ಸಿಲಿಂಡರು ಒಳಗೆ ನಿಜಕ್ಕೂ ದುಂಡಗಿರಬೇಕು, ಮೇಲಿಂದ ಕೆಳಗಿನವರೆಗೆ ಒಂದೇ ಅಳತೆ ಇರಬೇಕು. ಅಂಥದನ್ನು ಕೊರೆಯುವ ಯಂತ್ರವೇ ಆಗ ಇರಲಿಲ್ಲ. ಜಾನ್ ರೋಬಕ್ ಎಂಬ ಉದ್ಯಮಿ ಹಣ ಹಾಕಿ ಮೂರರಲ್ಲಿ ಎರಡು ಪಾಲು ಪಡೆದ. 1769ರಲ್ಲಿ ಹಕ್ಕುಪತ್ರ ಬಂತು. ಕಿನ್ನೀಲ್ ಎಂಬಲ್ಲಿ ರೋಬಕ್‌ನ ಮನೆಯ ಹಿಂದಿನ ಗುಡಿಸಲಿನಲ್ಲಿ 18 ಅಂಗುಲದ ಯಂತ್ರ ನಿಲ್ಲಿಸಿದರು. ಪಿಸ್ಟನ್ ಸುತ್ತ ಬಟ್ಟೆ, ನಾರು, ರಟ್ಟು, ಬೆಂಡು ಏನೆಲ್ಲ ಸುತ್ತಿದರೂ ಉಗಿ ಸೋರಿತು. ಆ ಕಾಲದ ಹಿರಿಯ ಎಂಜಿನಿಯರ್ ಜಾನ್ ಸ್ಮೀಟನ್, ಇದನ್ನು ಇಷ್ಟು ನಿಖರವಾಗಿ ಮಾಡಬಲ್ಲ ಉಪಕರಣವೂ ಇಲ್ಲ, ಕೆಲಸಗಾರರೂ ಇಲ್ಲ ಎಂದು ಅಭಿಪ್ರಾಯಪಟ್ಟನಂತೆ. ಅವನ ಮಾತು ಆ ಹೊತ್ತಿಗೆ ಸರಿಯೇ ಇತ್ತು.

ಸಂಸಾರ ನಡೆಯಬೇಕಲ್ಲ. 1764ರಲ್ಲೇ ಅವನು ಸೋದರ ಸಂಬಂಧಿ ಮಾರ್ಗರೆಟ್ ಮಿಲ್ಲರ್‌ಳನ್ನು ಮದುವೆಯಾಗಿದ್ದ. ಹೊಟ್ಟೆಪಾಡಿಗೆ ಕಾಲುವೆಗಳ ಸರ್ವೆ ಕೆಲಸ ಹಿಡಿದು ಮಳೆ ಗಾಳಿಯಲ್ಲಿ ಬೆಟ್ಟಗುಡ್ಡ ಅಲೆದ. ಚೌಕಾಸಿ ಮಾಡಲು ಬಾರದು, ಕೂಲಿಯವರನ್ನು ಗದರಿಸಲು ಬಾರದು, ಸದಾ ತಲೆನೋವು. 1773ರಲ್ಲಿ ಉತ್ತರದ ಬೆಟ್ಟಸೀಮೆಯಲ್ಲಿ ಸರ್ವೆ ಮಾಡುತ್ತಿದ್ದಾಗ ಹೆಂಡತಿಗೆ ಸೀರಿಯಸ್ ಎಂದು ಸುದ್ದಿ ಬಂತು. ಅವನು ಮನೆ ಮುಟ್ಟುವಷ್ಟರಲ್ಲಿ ಹೆರಿಗೆಯಲ್ಲಿ ಆಕೆ ತೀರಿಕೊಂಡಿದ್ದಳು. ಅದೇ ವರ್ಷ ರೋಬಕ್ ದಿವಾಳಿಯಾದ. ಮೂವತ್ತೇಳು ವರ್ಷದ ವಿಧುರ, ಇಬ್ಬರು ಮಕ್ಕಳು, ಓಡದ ಒಂದು ಯಂತ್ರ.

ರೋಬಕ್‌ನ ಪಾಲನ್ನು ಕೊಂಡವನು ಬರ್ಮಿಂಗ್‌ಹ್ಯಾಮ್‌ನ ಮ್ಯಾಥ್ಯೂ ಬೋಲ್ಟನ್. ಸೋಹೊ ಎಂಬಲ್ಲಿ ಅವನ ದೊಡ್ಡ ಕಾರ್ಖಾನೆ. 1774ರಲ್ಲಿ ವಾಟ್ ಅಲ್ಲಿಗೆ ಹೋದ, ಕಿನ್ನೀಲಿನ ಯಂತ್ರವೂ ಬಿಚ್ಚಿಸಿಕೊಂಡು ಅಲ್ಲಿಗೆ ಬಂತು. 1775ರಲ್ಲಿ ಸಂಸತ್ತು ಹಕ್ಕುಪತ್ರವನ್ನು 1800ರವರೆಗೆ ವಿಸ್ತರಿಸಿತು. ಆದರೆ ಗಂಟು ಬಿಡಿಸಿದ್ದು ಸಂಸತ್ತಲ್ಲ, ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಉದ್ಯಮಿ. ಫಿರಂಗಿ ಕೊರೆಯುವುದರಲ್ಲಿ ಪಳಗಿದ್ದ ಅವನು ಸಿಲಿಂಡರಿಗೆ ಬೇರೊಂದು ಯಂತ್ರ ಮಾಡಿದ. ಅದುವರೆಗೆ ಕೊರೆಯುವ ಉಳಿ ಒಂದು ದಂಡದ ತುದಿಯಲ್ಲಿ ನೇತಾಡುತ್ತಿತ್ತು, ಎರಕದ ಗೋಡೆ ಎಲ್ಲಿ ಸೊಟ್ಟಗಿದೆಯೋ ಅಲ್ಲಿ ಉಳಿಯೂ ಸೊಟ್ಟಗೆ ಹೋಗುತ್ತಿತ್ತು. ವಿಲ್ಕಿನ್ಸನ್ ದಂಡವನ್ನು ಸಿಲಿಂಡರಿನ ಆಚೆ ತುದಿಯವರೆಗೂ ತೂರಿಸಿ ಎರಡೂ ಕಡೆ ಆಧಾರ ಕೊಟ್ಟ. ಇಷ್ಟೇ. 50 ಅಂಗುಲದ ಸಿಲಿಂಡರು ಎಲ್ಲೂ ಒಂದು ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ವ್ಯತ್ಯಾಸವಿಲ್ಲದೆ ಬಂತೆಂದು ಬೋಲ್ಟನ್ ಹಿಗ್ಗಿದ್ದಾನೆ. ನಾಣ್ಯದ ದಪ್ಪದ ತಪ್ಪಿಗೆ ನಮ್ಮ ಮಾವ ಇಂದು ಕೆಲಸವನ್ನು ಗುಜರಿಗೆ ಎಸೆಯುತ್ತಾರೆ. 1776ರಲ್ಲಿ ಅದು ಜಗತ್ತು ಕಂಡ ಅತ್ಯಂತ ದುಂಡಗಿನ ದೊಡ್ಡ ತೂತು. ಆ ವರ್ಷ ಮೊದಲ ಎರಡು ಯಂತ್ರಗಳು ಓಡಿದವು, ಒಂದು ಕಲ್ಲಿದ್ದಲು ಗಣಿಯಲ್ಲಿ, ಇನ್ನೊಂದು ವಿಲ್ಕಿನ್ಸನ್‌ನದೇ ಕುಲುಮೆಯಲ್ಲಿ.

ಮುಂದಿನದು ಪ್ರಸಿದ್ಧವಾದ ಭಾಗ, ಬೇಗ ಹೇಳುತ್ತೇನೆ. ಕಾರ್ನ್‌ವಾಲ್‌ನ ಗಣಿಗಳಿಗೆ ಯಂತ್ರಗಳು ಹೋದವು. ಉಳಿದ ಇಂಧನದ ಬೆಲೆಯಲ್ಲಿ ಮೂರರಲ್ಲೊಂದು ಪಾಲು ಇವರಿಗೆ. ಆನ್ ಮ್ಯಾಕ್‌ಗ್ರೆಗರ್‌ಳ ಜೊತೆ ಎರಡನೆಯ ಮದುವೆ. 1780ರ ದಶಕದಲ್ಲಿ ಚಕ್ರ ತಿರುಗಿಸುವ ಯಂತ್ರ, ಎರಡೂ ಕಡೆಯಿಂದ ಉಗಿ ತಳ್ಳುವ ಸಿಲಿಂಡರು, ವೇಗ ತಾನೇ ಹತೋಟಿಗೆ ಬರುವ ಗವರ್ನರ್, ಕೆಲಸದ ದರ ಅಳೆಯಲು ಅಶ್ವಶಕ್ತಿ. 1784ರಲ್ಲಿ ಪಿಸ್ಟನ್ ದಂಡವನ್ನು ನೇರವಾಗಿ ನಡೆಸುವ ಸಮಾಂತರ ಚಲನೆಯ ಕೀಲುಗಳನ್ನು ರೂಪಿಸಿದ. ಮಿಕ್ಕೆಲ್ಲದಕ್ಕಿಂತ ಅದರ ಮೇಲೆಯೇ ಅವನಿಗೆ ಹೆಮ್ಮೆ. ಅದೇ ವರ್ಷ ಅವರದೇ ಕೆಲಸಗಾರ ವಿಲಿಯಮ್ ಮರ್ಡಕ್ ಉಗಿಯಿಂದ ನೆಲದ ಮೇಲೆ ಓಡುವ ಪುಟ್ಟ ಗಾಡಿಯ ಮಾದರಿ ಮಾಡಿದ. ಒಂದು ಪುಟ್ಟ ಮಾದರಿಯಿಂದ ಮೇಲೆ ಬಂದವನು ಇನ್ನೊಬ್ಬನ ಪುಟ್ಟ ಮಾದರಿಗೆ ಪ್ರೋತ್ಸಾಹ ಕೊಡಲಿಲ್ಲ. ಹೆಚ್ಚು ಒತ್ತಡದ ಉಗಿ ಅಪಾಯವೆಂದು ಅದರ ಸುದ್ದಿಗೇ ಹೋಗಲಿಲ್ಲ, ಹಕ್ಕುಪತ್ರ ಹಿಡಿದು ಬೇರೆಯವರ ಮೇಲೆ ಮೊಕದ್ದಮೆ ಹೂಡಿದ. ಅವರ ಯಂತ್ರಗಳು ಗುಲಾಮರು ದುಡಿಯುವ ಕೆರಿಬಿಯನ್ ಕಬ್ಬಿನ ತೋಟಗಳಿಗೂ ಹೋದವು. ದಾಖಲೆ ಪುಸ್ತಕದ ಎರಡು ಪುಟದಲ್ಲಿ ಇವೆಲ್ಲ ಹಿಡಿಸುವುದಿಲ್ಲ.

ನನಗೆ ಹೆಚ್ಚು ಹತ್ತಿರವಾದದ್ದು ಅವನ ಕೊನೆಯ ಹತ್ತೊಂಬತ್ತು ವರ್ಷ. 1800ರಲ್ಲಿ ಹಕ್ಕುಪತ್ರ ಮುಗಿಯಿತು, ವ್ಯವಹಾರ ಮಕ್ಕಳ ಕೈಗೆ ಬಿಟ್ಟ. ಬರ್ಮಿಂಗ್‌ಹ್ಯಾಮ್ ಪಕ್ಕದ ಹ್ಯಾಂಡ್ಸ್‌ವರ್ತ್‌ನಲ್ಲಿ ಹೀತ್‌ಫೀಲ್ಡ್ ಎಂಬ ಮನೆ. ಅದರ ಅಟ್ಟದಲ್ಲಿ ಒಂದು ಕೋಣೆ. ಕಿಟಕಿಯ ಬಳಿ ಕಾಲಿನಲ್ಲಿ ತುಳಿಯುವ ಲೇಥ್, ಗೋಡೆ ತುಂಬ ಡ್ರಾಯರು, ಮೂಲೆಯಲ್ಲಿ ಒಲೆ. ಎಣ್ಣೆ, ತೂಲು ಮೆತ್ತಿದ ಬಟ್ಟೆಯಲ್ಲಿ ಊಟದ ಮನೆಗೆ ಇಳಿಯುವುದನ್ನು ಹೆಂಡತಿ ಇಷ್ಟಪಡುತ್ತಿರಲಿಲ್ಲವಂತೆ. ಅಲ್ಲೇ ಏನಾದರೂ ಬೇಯಿಸಿಕೊಳ್ಳುತ್ತಿದ್ದ. ಆ ಕೋಣೆಯಲ್ಲಿ ಅವನು ಶಿಲ್ಪ ನಕಲು ಮಾಡುವ ಎರಡು ಯಂತ್ರ ಕಟ್ಟುತ್ತಿದ್ದ, ಒಂದು ಅದೇ ಅಳತೆಗೆ, ಇನ್ನೊಂದು ಚಿಕ್ಕ ಅಳತೆಗೆ. ಒಂದು ಮೊನೆ ಮೂಲ ಪ್ರತಿಮೆಯ ಮೈಮೇಲೆ ಸವರುತ್ತ ಹೋದರೆ ಕೀಲುಗಳ ಇನ್ನೊಂದು ತುದಿಯಲ್ಲಿ ತಿರುಗುವ ಡ್ರಿಲ್ ಪುಟ್ಟ ಪ್ರತಿಮೆಯನ್ನು ಕೊರೆಯುತ್ತದೆ. ದೊಡ್ಡದನ್ನು ಚಿಕ್ಕದು ಮಾಡುವ ಹಳೆಯ ಪ್ರಶ್ನೆಯೇ, ಆದರೆ ಅಮೃತಶಿಲೆಗೆ ಶಾಖದ ತಕರಾರಿಲ್ಲ. ಆ ನಕಲುಗಳನ್ನು ಗೆಳೆಯರಿಗೆ ಕೊಡುವಾಗ, ಎಂಬತ್ತಮೂರಕ್ಕೆ ಕಾಲಿಡುತ್ತಿರುವ ಯುವ ಕಲಾವಿದನ ಕೆಲಸವೆಂದು ತಮಾಷೆ ಮಾಡುತ್ತಿದ್ದ.

ಅದೇ ಕೋಣೆಯಲ್ಲಿ ಒಂದು ಪೆಟ್ಟಿಗೆ ಇತ್ತು. ಎರಡನೆಯ ಮದುವೆಯ ಮಗ ಗ್ರೆಗರಿ ಬುದ್ಧಿವಂತ, ಭೂವಿಜ್ಞಾನದಲ್ಲಿ ಆಸಕ್ತಿ. 1804ರಲ್ಲಿ ಕ್ಷಯದಿಂದ ತೀರಿಕೊಂಡ. ಮಗನ ಶಾಲೆಯ ಬರಹ, ಪುಸ್ತಕ ಎಲ್ಲವನ್ನೂ ವಾಟ್ ಪೆಟ್ಟಿಗೆಯಲ್ಲಿ ತುಂಬಿ ಲೇಥಿನ ಕೋಣೆಯಲ್ಲೇ ಇಟ್ಟುಕೊಂಡಿದ್ದ.

1819ರ ಆಗಸ್ಟ್ 25ರಂದು ಅವನು ತೀರಿಕೊಂಡ. ಅಟ್ಟಕ್ಕೆ ಬೀಗ ಬಿತ್ತು. 1924ರಲ್ಲಿ ಆ ಕೋಣೆಯನ್ನು ಅದರೊಳಗಿನ ಎಂಟು ಸಾವಿರಕ್ಕೂ ಹೆಚ್ಚು ವಸ್ತುಗಳ ಸಮೇತ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಎರಡು ಅಂಗುಲದ ಸಿಲಿಂಡರಿನ ಮಾದರಿ ಮಾತ್ರ ಗ್ಲಾಸ್ಗೋ ವಿಶ್ವವಿದ್ಯಾಲಯದ ಹಂಟೇರಿಯನ್ ಸಂಗ್ರಹಾಲಯದಲ್ಲೇ ಇದೆ.

ಮರುವಾರ ನನ್ನ ಪಾಠ ಬೇರೆ ಘಟಕದ್ದು. ಮಾರ್ಗದರ್ಶಕರ ಅನುಮತಿ ಪಡೆದು ಹತ್ತು ನಿಮಿಷ ತೆಗೆದುಕೊಂಡೆ. ಸ್ಪಿರಿಟ್ ಅಂದು ಮುಗಿದಿರಲಿಲ್ಲ, ನನಗೆ ಉತ್ತರ ಗೊತ್ತಿರಲಿಲ್ಲ ಎಂದು ತರಗತಿಗೆ ಮೊದಲೇ ಹೇಳಿದೆ. ಯಾರೂ ನಗಲಿಲ್ಲ, ಮೊದಲೇ ಗೊತ್ತಿದ್ದವರಂತೆ ಕೂತಿದ್ದರು. ಸಿಲಿಂಡರನ್ನು ತಣ್ಣಗಿರುವಾಗ ಓಡಿಸಿ, ಹೊರಬೀಳುವ ನೀರನ್ನು ಒಂದು ಗಾಜಿನ ತಟ್ಟೆಯಲ್ಲಿ ಹಿಡಿಸಿದೆ. ಆಮೇಲೆ ಸಿಲಿಂಡರನ್ನು ಕುದಿನೀರಿನಲ್ಲಿ ಅದ್ದಿ ತೆಗೆದು, ಸುತ್ತ ದಪ್ಪ ಹತ್ತಿದಾರ ಸುತ್ತಿ ಮತ್ತೆ ಓಡಿಸಿದೆ. ಮಕ್ಕಳು ಜೋರಾಗಿ ಎಣಿಸಿದರು. 143 ಸುತ್ತು. ಆಮೇಲೆ ಬಾಯ್ಲರಿಗೆ ಸುಸ್ತಾಯಿತು. ಎರಡನೆಯ ಬೆಂಚಿನ ಹುಡುಗಿ ತಟ್ಟೆಯ ನೀರನ್ನು ಸಿರಿಂಜಿನಲ್ಲಿ ಎಳೆದು ಎಷ್ಟಿದೆಯೆಂದು ಓದಿ ಬರೆದುಕೊಂಡಳು. ಬರೆದುಕೊಂಡು, ಈ ನೀರಿನಲ್ಲಿ ಹೋದ ಶಾಖ ಎಷ್ಟು ಸಾರ್ ಎಂದು ಕೇಳಿದಳು. ನಾನು ಬೋರ್ಡಿನ ಕಡೆ ತಿರುಗಿ 22.6 ಲಕ್ಷ ಎಂದು ಬರೆಯುವಷ್ಟರಲ್ಲಿ ಬೆಲ್ಲು ಹೊಡೆಯಿತು.